ಫೋನ್ ಮಾಡಲಾರೆ, ಪಟ್ಟಿ ಕೊಡುತ್ತೇನೆ

ಪುಟ್ಟಿ,

ಮೊನ್ನೆ ರಾತ್ರಿ ನಿಮ್ಮಪ್ಪ ಫೋನ್ ಮಾಡಿದ್ದ. ಊಟ ಆಯಿತಾ, ಮಳೆ ಹೇಗಿದೆ ಎಂದೆಲ್ಲ ಸುತ್ತಿ ಬಳಸಿ ಕೊನೆಗೆ, “ಅಣ್ಣ, ದುಬೈಯಲ್ಲಿ ನಿನ್ನ ಹಳೇ ಆಫೀಸಿನವರಿಗೆ ಒಂದು ಮಾತು ಹಾಕಿಬಿಡು, ಮಗುವಿಗೆ ಅನುಕೂಲ ಆಗುತ್ತೆ” ಎಂದ. ಆಗಲ್ಲ ಕಣೋ ಎಂದೆ. ಅವನಿಗೆ ಬೇಜಾರಾಗಿದೆ ಎಂದು ನಿಮ್ಮಮ್ಮನ ಮೆಸೇಜಿನಿಂದ ತಿಳಿಯಿತು. ನಿವೃತ್ತನಾಗಿ ಮೈಸೂರಿಗೆ ಬಂದು ಕೂತವನ ಫೋನಿಗೆ ಅಲ್ಲಿ ಈಗ ಅಷ್ಟೇನೂ ಬೆಲೆಯಿಲ್ಲ. ಇದ್ದಿದ್ದರೂ ಮಾಡುತ್ತಿರಲಿಲ್ಲ. ದೊಡ್ಡಪ್ಪನ ಕಡೆಯಿಂದ ಬಂದ ಹೆಸರು ಎಂದರೆ ಆ ಆಫೀಸುಗಳಲ್ಲಿ ಹುಬ್ಬು ಮೇಲೇರುತ್ತದೆ. ನಿನಗೆ ಅದರಿಂದ ನಷ್ಟವೇ ಹೆಚ್ಚು. ಅದರ ಬದಲು ಮುಂಬೈ, ದುಬೈ, ಸಿಂಗಪುರಗಳಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಕೇಳಿದವನಾಗಿ, ಆಮೇಲೆ ಕೆಲಸ ಕೇಳಿಸಿಕೊಂಡವನಾಗಿ ಕಂಡದ್ದನ್ನು ಬರೆದು ಕಳಿಸುತ್ತಿದ್ದೇನೆ. ಕ್ರಮವಾಗಿಲ್ಲ, ನೆನಪಾದ ಹಾಗೆ ಬರೆದಿದ್ದೇನೆ.

• “ವಿದೇಶದಲ್ಲಿ ಕೆಲಸ” ಎಂದು ನೀನು ಹೇಳುತ್ತೀಯಲ್ಲ, ಆ ಹೆಸರಿನ ಆಫೀಸು ಎಲ್ಲೂ ಇಲ್ಲ. ಮೆಕಿನ್ಸಿ, ಬಿಸಿಜಿ, ಬೇನ್‌ನಂಥ ಕನ್ಸಲ್ಟಿಂಗ್ ಸಂಸ್ಥೆಗಳು ಹೊರಗಿನಿಂದ ನೋಡಿದರೆ ಒಂದೊಂದು ಕಂಪನಿ. ಒಳಗೆ ಹೋದರೆ ಊರೂರಿಗೂ ಬೇರೆ ಸಂಸಾರ. ದುಬೈಯ ಕ್ಲೈಂಟು ಬೇರೆ, ಮ್ಯೂನಿಕ್‌ನ ಕ್ಲೈಂಟು ಬೇರೆ. ಯಾರನ್ನು ಸೇರಿಸಿಕೊಳ್ಳಬೇಕು ಎಂದು ತೀರ್ಮಾನಿಸುವವರೂ ಸಾಮಾನ್ಯವಾಗಿ ಆ ಊರಿನ ಪಾರ್ಟ್‌ನರ್‌ಗಳೇ. ಅವರ ತಲೆಯಲ್ಲಿರುವ ಪ್ರಶ್ನೆ ಒಂದೇ: ಇಲ್ಲಿಯವರೇ ಸಿಗುವಾಗ ವೀಸಾ ಮಾಡಿಸಿ, ಮನೆ ಸಾಗಿಸಿ, ಬೆಂಗಳೂರಿನಿಂದ ಈ ಹುಡುಗಿಯನ್ನು ಯಾಕೆ ಕರೆಸಬೇಕು? ನೀನು ಮಾಡಿಕೊಳ್ಳುವ ಪರಿಚಯಗಳೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ. ಉತ್ತರ ಸಿಗದ ಆಫೀಸನ್ನು ಕೈಬಿಡು.

• ಎರಡು ಊರು ಆರಿಸಿಕೋ. ಮೂರಾದರೆ ಹೆಚ್ಚು. “ಎಲ್ಲಾದರೂ ಸರಿ” ಎನ್ನುವವರನ್ನು ಯಾವ ಊರಿನವರೂ ತಮ್ಮವರೆಂದು ಎಣಿಸುವುದಿಲ್ಲ.

• ಕೊಲ್ಲಿಯ ವಿಷಯ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಅಲ್ಲಿನ ನೀರು ಕುಡಿದವನು ನಾನು. 2016ರ ಏಪ್ರಿಲ್‌ನಲ್ಲಿ ಸೌದಿ ಅರೇಬಿಯಾ ‘ವಿಷನ್ 2030’ ಪ್ರಕಟಿಸಿದ ಮೇಲೆ, ಎಣ್ಣೆಯ ಆಚೆಗೂ ಆದಾಯ ಬೇಕೆಂದು ಹೊರಟ ಅಲ್ಲಿನ ಸರ್ಕಾರವೇ ಕನ್ಸಲ್ಟಿಂಗ್ ಕಂಪನಿಗಳಿಗೆ ದೊಡ್ಡ ಗಿರಾಕಿಯಾಯಿತು. ಬಹಳ ಕಾಲ ನಮ್ಮದು ಮನೆ ದುಬೈಯಲ್ಲಿ, ಕೆಲಸ ರಿಯಾದಿನಲ್ಲಿ. ವಾರದ ಮೊದಲ ದಿನ ಬೆಳಗಿನ ಜಾವದ ವಿಮಾನ, ವಾರದ ಕೊನೆಗೆ ವಾಪಸು. ಸೂಟ್‌ಕೇಸನ್ನು ಪೂರ್ತಿ ಖಾಲಿ ಮಾಡಿದ ನೆನಪೇ ನನಗಿಲ್ಲ. ನಿಮ್ಮ ದೊಡ್ಡಮ್ಮ ಅದನ್ನು ಮನೆಯ ಮೂರನೇ ಮೆಂಬರು ಎನ್ನುತ್ತಿದ್ದಳು. ಈಗ ಆ ಲೆಕ್ಕ ಬದಲಾಗಿದೆ. ಪ್ರಾದೇಶಿಕ ಕೇಂದ್ರ ಕಚೇರಿಯನ್ನು ಸೌದಿಯಲ್ಲಿ ಇಟ್ಟುಕೊಳ್ಳದ ವಿದೇಶಿ ಕಂಪನಿಗೆ ಸರ್ಕಾರಿ ಗುತ್ತಿಗೆ ಸುಲಭವಾಗಿ ಸಿಗದಂತೆ 2024ರ ಜನವರಿ 1ರಿಂದ ನಿಯಮ ಬಂತು. ಕನ್ಸಲ್ಟಿಂಗ್ ವೃತ್ತಿಯಲ್ಲಿ ಶೇ. 40ರಷ್ಟು ಸೌದಿ ಪ್ರಜೆಗಳೇ ಇರಬೇಕೆಂಬ ನಿಯಮ ಅದೇ ವರ್ಷ ಮಾರ್ಚ್‌ನಲ್ಲಿ ಜಾರಿಯಾಯಿತು. ಅಂದರೆ, ಅರಬ್ಬಿ ಬಲ್ಲ ಅಲ್ಲಿನ ಹುಡುಗ ಮಾಡಬಲ್ಲ ಕೆಲಸಕ್ಕೆ ನಿನ್ನನ್ನು ಯಾರೂ ಕರೆಯುವುದಿಲ್ಲ. ಅವನ ಹತ್ತಿರ ಇಲ್ಲದ್ದು ನಿನ್ನ ಹತ್ತಿರ ಏನಿದೆ?

• ಇದೆ. ಅದನ್ನು ನೀನು ರೆಸ್ಯೂಮೆಯ ಕೊನೆಯ ಸಾಲಿನಲ್ಲಿ ಅಡಗಿಸಿಟ್ಟಿದ್ದೀಯ. ಐಐಎಂ ಸೇರುವ ಮುಂಚೆ ಎರಡು ವರ್ಷ ಪಾವಗಡದ ಸೋಲಾರ್ ಪಾರ್ಕಿನ ಲೆಕ್ಕ ನೋಡಿದವಳು ನೀನು. 2,050 ಮೆಗಾವಾಟ್, ರೈತರಿಂದ ಜಮೀನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದ ಏರ್ಪಾಡು. 2030ರ ಹೊತ್ತಿಗೆ ಅರ್ಧದಷ್ಟು ವಿದ್ಯುತ್ತು ನವೀಕರಿಸಬಹುದಾದ ಮೂಲಗಳಿಂದಲೇ ಬರಬೇಕು ಎಂದು ಗುರಿ ಇಟ್ಟುಕೊಂಡ ಸೌದಿಯವರ ಮುಂದೆ ಹೇಳಲಿಕ್ಕೆ ಇದಕ್ಕಿಂತ ಒಳ್ಳೆಯ ಕಥೆ ಬೇಕೆ? ಕಾಲೇಜಿನ ಕ್ವಿಜ್ ಕ್ಲಬ್ಬಿನ ಕಾರ್ಯದರ್ಶಿ ಎಂಬುದನ್ನು ಮೇಲೆ ಹಾಕಿ ಪಾವಗಡವನ್ನು ಕೆಳಗೆ ತಳ್ಳಿದ್ದೀಯಲ್ಲ ಮಾರಾಯ್ತಿ.

• ಉಳಿದ ಊರುಗಳು ಬೇಗ ಬೇಗ. ಸಿಂಗಪುರದಲ್ಲಿ 2023ರ ಸೆಪ್ಟೆಂಬರ್‌ನಿಂದ ಎಂಪ್ಲಾಯ್‌ಮೆಂಟ್ ಪಾಸಿಗೆ ‘ಕಂಪಾಸ್’ ಎಂಬ ಅಂಕಪದ್ಧತಿ ಇದೆ. 40 ಅಂಕ ಬೇಕು. ಅದರಲ್ಲೊಂದು ಬಾಬತ್ತು ಹೀಗಿದೆ: ಆ ಕಂಪನಿಯ ವೃತ್ತಿಪರ ಉದ್ಯೋಗಿಗಳಲ್ಲಿ ನಿನ್ನ ದೇಶದವರು ಶೇ. 5ಕ್ಕಿಂತ ಕಡಿಮೆ ಇದ್ದರೆ 20 ಅಂಕ, ಶೇ. 25 ಮುಟ್ಟಿದ್ದರೆ ಸೊನ್ನೆ. ನಮ್ಮವರು ತುಂಬಿರುವ ಆಫೀಸಿನಲ್ಲಿ ಪರಿಚಯ ಸುಲಭ, ಪಾಸು ಕಷ್ಟ! ಅಮೆರಿಕದ ಎಚ್-1ಬಿ ವರ್ಷಕ್ಕೆ 85,000, ಅದೂ ಲಾಟರಿ. 2025ರ ಸೆಪ್ಟೆಂಬರ್‌ನಲ್ಲಿ ಹೊರದೇಶದಿಂದ ಹೊಸದಾಗಿ ಬರುವವರ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕದ ಆದೇಶವೂ ಬಂತು. ಇಲ್ಲಿಂದ ನೇರವಾಗಿ ಅಲ್ಲಿಗೆ ಎಂಬ ಆಸೆ ಸದ್ಯಕ್ಕೆ ಬೇಡ. ಜರ್ಮನಿಗೆ ಜರ್ಮನ್ ಬೇಕು. ಕ್ಲೈಂಟಿನ ಕಾರ್ಖಾನೆಯ ಫೋರ್‌ಮನ್ ನಿನ್ನ ಇಂಗ್ಲಿಷಿಗಾಗಿ ಕಾದು ಕೂತಿರುವುದಿಲ್ಲ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ನಾಳೆಯೇ ಸೇರಿದರೂ ಬಿ2 ಹಂತ ಮುಟ್ಟುವ ಹೊತ್ತಿಗೆ ನಿನ್ನ ಓದು ಮುಗಿಯುತ್ತಾ ಬಂದಿರುತ್ತದೆ. ಲಂಡನ್ ಬಗ್ಗೆ ನನಗೆ ಒಲವಿಲ್ಲ, ಅದು ನನ್ನ ಪೂರ್ವಗ್ರಹ ಇರಬಹುದು, ನೀನೇ ವಿಚಾರಿಸು.

• ಯಾರಿಗಾದರೂ ಮೇಲ್ ಹಾಕುವ ಮುಂಚೆ ನಿಮ್ಮ ಪ್ಲೇಸ್‌ಮೆಂಟ್ ಕಚೇರಿಯ ನಿಯಮಗಳನ್ನು ಪೂರ್ತಿ ಓದು. ಕ್ಯಾಂಪಸ್ಸಿಗೆ ಬರುವ ಕಂಪನಿಗಳನ್ನು ವಿದ್ಯಾರ್ಥಿಗಳು ನೇರವಾಗಿ ಸಂಪರ್ಕಿಸಬಾರದು ಎಂಬ ಕಟ್ಟಳೆ ಅನೇಕ ಕಡೆ ಇರುತ್ತದೆ. ಹಳೇ ವಿದ್ಯಾರ್ಥಿಯ ಹತ್ತಿರ ಮಾಹಿತಿ ಕೇಳುವುದು ಬೇರೆ, ಎಚ್‌ಆರ್‌ನವರಿಗೆ ಅರ್ಜಿ ಕಳಿಸುವುದು ಬೇರೆ. ಗೆರೆ ಎಲ್ಲಿದೆ ಎಂದು ಪ್ಲೇಸ್‌ಮೆಂಟ್ ಕಮಿಟಿಯವರನ್ನೇ ಕೇಳಿಬಿಡು.

• ಬೇಸಿಗೆ ಇಂಟರ್ನ್‌ಶಿಪ್ಪಿನ ಆಯ್ಕೆ ದಸರಾ, ದೀಪಾವಳಿಯ ಆಸುಪಾಸಿಗೆಲ್ಲ ಬಂದುಬಿಡುತ್ತದೆ. ಜೂನ್‌ನಲ್ಲಿ ಹಾಸ್ಟೆಲಿಗೆ ಟ್ರಂಕು ಇಳಿಸಿದವರಿಗೆ ಸಿಗುವುದು ನಾಲ್ಕು ತಿಂಗಳು. ಬೇಡಿಕೆ ಹುಟ್ಟಿದ ದಿನ ಪರಿಚಯ ಮಾಡಿಕೊಳ್ಳಲು ಹೋದರೆ ಯುದ್ಧಕಾಲೇ ಶಸ್ತ್ರಾಭ್ಯಾಸ.

• ಆಪ್ತರನ್ನು ಕೇಳುವುದಕ್ಕಿಂತ ದೂರದವರನ್ನು ಕೇಳು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಪ್ರಬಂಧ ಬರೆದ. ಬಾಸ್ಟನ್ ಪಕ್ಕದ ಊರೊಂದರಲ್ಲಿ ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು ವಿಚಾರಿಸಿದಾಗ, ಆ ಪರಿಚಯದವರನ್ನು ವಾರಕ್ಕೆ ಎರಡು ಸಲವಾದರೂ ಕಾಣುತ್ತಿದ್ದೆವು ಎಂದವರು ಶೇ. 16.7 ಮಾತ್ರ. ಶೇ. 55.6 ಮಂದಿಗೆ ಅದು ಆಗೊಮ್ಮೆ ಈಗೊಮ್ಮೆ ಕಾಣುವ ಮುಖ, ಶೇ. 27.8 ಮಂದಿಗೆ ವರ್ಷಕ್ಕೊಮ್ಮೆ ಕಂಡರೆ ಹೆಚ್ಚು. ಕಾರಣ ಸರಳ: ನಿನ್ನ ರೂಮ್‌ಮೇಟಿಗೆ ಗೊತ್ತಿರುವುದು ನಿನಗೂ ಗೊತ್ತು. ಹೊಸ ಸುದ್ದಿ ಬರುವುದು ಇನ್ನೊಂದು ಕೇರಿಯಿಂದ.

• ಪಾರ್ಟ್‌ನರ್‌ಗಳ ಬೆನ್ನು ಹತ್ತಬೇಡ. ನಿಮ್ಮ ಕ್ಯಾಂಪಸ್ಸಿನಿಂದ ಎರಡು ಮೂರು ವರ್ಷದ ಹಿಂದೆ ಹೋದವರನ್ನು ಹುಡುಕು. ಅವರಿಗೆ ಇಂಟರ್‌ವ್ಯೂ ಇನ್ನೂ ನೆನಪಿದೆ, ಮನೆಯ ನೆನಪೂ ಕಾಡುತ್ತಿರುತ್ತದೆ, ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ ಬಗ್ಗೆ ಹತ್ತು ನಿಮಿಷ ಖುಷಿಯಾಗಿ ಬೈಯುತ್ತಾರೆ. ಇನ್ನೊಂದು ಜಾತಿಯವರನ್ನು ನಿನ್ನ ಸಹಪಾಠಿಗಳು ನೋಡುವುದೇ ಇಲ್ಲ: ಇದೇ ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ, ಗುರುಗ್ರಾಮದಲ್ಲಿ ಕೂತು ಹೊರದೇಶದ ತಂಡಗಳಿಗೆ ಸಂಶೋಧನೆ, ಅಂಕಿಅಂಶ ಒದಗಿಸುವವರು. ರಿಯಾದಿನ ಪಾರ್ಟ್‌ನರ್ ಜೊತೆ ದಿನಾ ಮಾತಾಡುವವರು ಬೆಳ್ಳಂದೂರಿನಲ್ಲಿ ಇರಬಹುದು. ಒಂದು ಕಾಫಿ ಕೊಡಿಸಿದರೆ, ಯಾವ ಆಫೀಸಿನಲ್ಲಿ ಕೆಲಸ ತುಂಬಿ ತುಳುಕುತ್ತಿದೆ, ಎಲ್ಲಿ ಜನ ಸುಮ್ಮನೆ ಕೂತಿದ್ದಾರೆ ಎಂಬುದು ಗೊತ್ತಾಗುತ್ತದೆ.

• ಮೇಲ್ ಚಿಕ್ಕದಾಗಿರಲಿ. ಫೋನಿನ ಪರದೆಯಲ್ಲಿ ಬೆರಳಾಡಿಸದೆ ಓದಿ ಮುಗಿಯಬೇಕು. ನೀನು ಬರೆಯುವುದು ಇಂಗ್ಲಿಷಿನಲ್ಲೇ, ಅದರ ತಿರುಳನ್ನು ಇಲ್ಲಿ ಹೇಳುತ್ತೇನೆ: “ನಾನು ಐಐಎಂ ಬೆಂಗಳೂರಿನ ಮೊದಲ ವರ್ಷದ ವಿದ್ಯಾರ್ಥಿನಿ. ಇದಕ್ಕೆ ಮುಂಚೆ ಎರಡು ವರ್ಷ ಪಾವಗಡದ ಸೋಲಾರ್ ಪಾರ್ಕಿನ ಲೆಕ್ಕಪತ್ರ ನೋಡುತ್ತಿದ್ದೆ. ನೀವು ನಮ್ಮ ಕ್ಯಾಂಪಸ್ಸಿನಿಂದಲೇ ದುಬೈಗೆ ಹೋಗಿ ವಿದ್ಯುತ್ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದೀರೆಂದು ತಿಳಿಯಿತು. ನಿಮ್ಮ ಆಫೀಸಿನಲ್ಲಿ ಈ ಅನುಭವ ಉಪಯೋಗಕ್ಕೆ ಬರುತ್ತದೆಯೇ ಎಂದು ನಿಮ್ಮನ್ನು ಕೇಳುವ ಆಸೆ. ಮುಂದಿನ ಎರಡು ವಾರದಲ್ಲಿ ಹದಿನೈದು ನಿಮಿಷ ಬಿಡುವಾದೀತೆ? ನಿಮ್ಮ ಸಮಯ ಸಂಜೆ ಐದರ ಮೇಲೆ ಯಾವಾಗಲಾದರೂ ಸರಿ.” ಇಷ್ಟೇ. ರೆಸ್ಯೂಮೆ ಲಗತ್ತಿಸಬೇಡ. ಲಗತ್ತಿಸಿದ ಕೂಡಲೇ ಅದು ಅರ್ಜಿಯಾಗುತ್ತದೆ, ಅರ್ಜಿಯನ್ನು ಎಚ್‌ಆರ್‌ಗೆ ಸಾಗಹಾಕುವುದು ಎಲ್ಲರಿಗೂ ಗೊತ್ತು.

• ‘ರೆಸ್ಪೆಕ್ಟೆಡ್ ಸರ್’, ‘ಕೈಂಡ್ಲಿ ಡೂ ದ ನೀಡ್‌ಫುಲ್’ ಬೇಡ. ಹೆಸರು ಹಿಡಿದು ಕರೆಯುವುದು ಆ ಆಫೀಸುಗಳ ರೂಢಿ. ನನಗೂ ಮೊದಲ ವರ್ಷ ನಾಲಿಗೆ ಹೊರಳುತ್ತಿರಲಿಲ್ಲ. ಐವತ್ತೈದರ ಹಿರಿಯರನ್ನು ಬರೀ ಹೆಸರಿನಿಂದ ಕರೆಯುವ ಸಂಕಟಕ್ಕೆ ಏನೂ ಕರೆಯದೆ ಕೆಮ್ಮಿ ಮಾತು ಶುರುಮಾಡುತ್ತಿದ್ದೆ. ಗೌರವ ಬೇರೆ ಕಡೆ ತೋರಿಸು: ಹೇಳಿದ ಹೊತ್ತಿಗೆ ಕರೆ ಮಾಡು, ಹದಿನೈದು ನಿಮಿಷ ಎಂದರೆ ಹದಿನಾಲ್ಕಕ್ಕೆ ಮುಗಿಸು.

• ಒಂದೇ ಮೇಲನ್ನು ಒಂದೇ ಆಫೀಸಿನ ಹತ್ತು ಜನಕ್ಕೆ ಕಳಿಸಬೇಡ. ನಾನು ಕಳಿಸಿದ್ದೆ, ಹನ್ನೊಂದು ಜನಕ್ಕೆ, ಹೆಸರು ಮಾತ್ರ ಬದಲಿಸಿ. ಅವರಲ್ಲಿ ನಾಲ್ವರು ಅಂದು ಒಂದೇ ಮೇಜಿನಲ್ಲಿ ಊಟಕ್ಕೆ ಕೂತಿದ್ದರಂತೆ. ಒಬ್ಬರು ದಯೆಯಿಂದ ಉತ್ತರ ಬರೆದರು: “ನಮ್ಮಲ್ಲಿ ಯಾರು ಉತ್ತರಿಸಬೇಕೆಂದು ನೀವೇ ಆರಿಸಿ.” ಆ ಆಫೀಸಿಗೆ ನಾನು ಮತ್ತೆ ಬರೆಯಲೇ ಇಲ್ಲ.

• ಉತ್ತರ ಬಾರದಿದ್ದರೆ ಎಂಟು ಹತ್ತು ದಿನ ಬಿಟ್ಟು ಒಂದೇ ಒಂದು ನೆನಪಿನ ಸಾಲು. ಆಮೇಲೆ ಮರೆತುಬಿಡು. ಕೋಪ ಮಾಡಿಕೊಳ್ಳಬೇಡ, ಹಾಗೆ ನೋಡಿದರೆ ನಾನೇ ಎಷ್ಟೋ ಮಕ್ಕಳಿಗೆ ಉತ್ತರಿಸಿಲ್ಲ. ವಿಮಾನ ಇಳಿದ ಮೇಲೆ ಬರೆಯೋಣ ಎಂದುಕೊಂಡದ್ದು ಹಾಗೇ ಉಳಿದುಹೋಗುತ್ತದೆ.

• ಹೊತ್ತು ಗೊತ್ತಿರಲಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ರಿಯಾದ್ ಎರಡೂವರೆ ಗಂಟೆ ಹಿಂದೆ, ಸಿಂಗಪುರ ಎರಡೂವರೆ ಗಂಟೆ ಮುಂದೆ. ಯುಎಇ 2022ರ ಜನವರಿಯಲ್ಲಿ ವಾರದ ರಜೆಯನ್ನು ಶನಿವಾರ, ಭಾನುವಾರಕ್ಕೆ ಬದಲಿಸಿಕೊಂಡಿತು, ಶುಕ್ರವಾರ ಅರ್ಧ ದಿನ. ಸೌದಿಯಲ್ಲಿ ರಜೆ ಇಂದಿಗೂ ಶುಕ್ರವಾರ, ಶನಿವಾರ. ಭಾನುವಾರ ನಿನಗೆ ಬಿಡುವು ಎಂದು ರಿಯಾದಿಗೆ ಕರೆ ಮಾಡಿದರೆ ಅವರು ವಾರದ ಮೊದಲ ಮೀಟಿಂಗಿನಲ್ಲಿರುತ್ತಾರೆ. ರಂಜಾನ್ ತಿಂಗಳಲ್ಲಿ ಕೆಲಸದ ಹೊತ್ತು ಮೊಟಕು, ಸಂಜೆ ಇಫ್ತಾರ್. ಆಗ ಅವಸರ ಬೇಡ. ಆ ತಿಂಗಳು ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಕ್ಯಾಲೆಂಡರ್ ನೋಡಿಕೋ.

• ಕರೆಯಲ್ಲಿ ಏನು ಕೇಳಬೇಕು? ಕಂಪನಿಯ ವೆಬ್‌ಸೈಟಿನಲ್ಲಿ ಇರುವುದನ್ನು ಕೇಳಬೇಡ. ಸಂಬಳ ಕೇಳಬೇಡ. “ನಿಮ್ಮ ಕಂಪನಿಯ ಸಂಸ್ಕೃತಿ ಹೇಗಿದೆ” ಎಂದು ಕೇಳಿದರೆ ಎಲ್ಲರೂ ಗಿಳಿಪಾಠ ಒಪ್ಪಿಸುತ್ತಾರೆ. ಬಹಳ ವರ್ಷದ ಹಿಂದೆ ಶಿವಮೊಗ್ಗದ ಕಡೆಯ ಹುಡುಗನೊಬ್ಬ ನನ್ನನ್ನು ಕೇಳಿದ್ದು ಇನ್ನೂ ನೆನಪಿದೆ: “ಕಳೆದ ಒಂದು ವರ್ಷದಲ್ಲಿ ನಿಮ್ಮ ಆಫೀಸಿಗೆ ಹೊರದೇಶದಿಂದ ಬಂದವರು ಯಾರು, ಅವರನ್ನೇ ಯಾಕೆ ಕರೆಸಿಕೊಂಡಿರಿ?” ನಾನು ಲೆಕ್ಕ ಹಾಕಿ ಹೇಳಬೇಕಾಯಿತು. ಮೂವರು, ಒಬ್ಬಳಿಗೆ ಬಂದರುಗಳ ಕೆಲಸ ಗೊತ್ತಿತ್ತು, ಇನ್ನೊಬ್ಬನಿಗೆ ಅರಬ್ಬಿ, ಮತ್ತೊಬ್ಬ ಮುಂಬೈ ಆಫೀಸಿನಿಂದ ವರ್ಗವಾಗಿ ಬಂದವನು. ಆ ಹುಡುಗ ತನ್ನ ಬಗ್ಗೆ ಒಂದು ಮಾತೂ ಹೇಳದೆ ತನಗೆ ಬೇಕಾದದ್ದೆಲ್ಲ ತಿಳಿದುಕೊಂಡ. ಫೋನಿಟ್ಟ ಮೇಲೆ ಅವನ ಪ್ರೊಫೈಲನ್ನು ನಾನೇ ಹುಡುಕಿ ನೋಡಿದೆ.

• ಕೊನೆಗೆ ಕೇಳಬೇಕಾದ ಒಂದು ಪ್ರಶ್ನೆ: “ನಾನು ಇನ್ಯಾರ ಜೊತೆ ಮಾತಾಡಿದರೆ ಒಳ್ಳೆಯದು?” ಒಂದು ಹೆಸರು ಸಿಕ್ಕರೂ ಮುಂದಿನ ಮೇಲು ಅಪರಿಚಿತರಿಗೆ ಬರೆದದ್ದಲ್ಲ.

• ರೆಫರಲ್ ಎಂಬ ಮಾತನ್ನು ಮೊದಲ ಕರೆಯಲ್ಲೇ ಎತ್ತಬೇಡ. ನಿಮ್ಮಪ್ಪ ಇದನ್ನೂ ವಶೀಲಿಯನ್ನೂ ಒಂದೇ ಎಂದುಕೊಂಡಿದ್ದಾನೆ. ವಶೀಲಿ ಬಾಗಿಲು ಒಡೆದು ಒಳಗೆ ಕಳಿಸುತ್ತದೆ. ರೆಫರಲ್ ಹೆಚ್ಚೆಂದರೆ ನಿನ್ನ ರೆಸ್ಯೂಮೆಯನ್ನು ಯಾರಾದರೂ ಗಮನವಿಟ್ಟು ಓದುವಂತೆ ಮಾಡುತ್ತದೆ. ಅದಾದ ಮೇಲೆ ಕೇಸ್ ಇಂಟರ್‌ವ್ಯೂ ಪಾಸಾಗಬೇಕಾದವಳು ನೀನೇ. ಎರಡು ಸಲ ಮಾತಾಡಿ, ಅವರು ಹೇಳಿದ್ದರಲ್ಲಿ ಏನನ್ನಾದರೂ ಮಾಡಿ ತೋರಿಸಿ, ಅರ್ಜಿಯ ಕೊನೆಯ ದಿನಕ್ಕೆ ಎರಡು ಮೂರು ವಾರ ಮುಂಚೆ ಕೇಳು. “ಆಗುವುದಿಲ್ಲ ಎಂದರೂ ಬೇಸರವಿಲ್ಲ” ಎಂದು ಸೇರಿಸು, ಮತ್ತು ನಿಜಕ್ಕೂ ಬೇಸರ ಮಾಡಿಕೊಳ್ಳಬೇಡ.

• ಕೇಸ್ ಅಭ್ಯಾಸದ ಬಗ್ಗೆ ನಾನು ಹೇಳುವುದೇನೂ ಇಲ್ಲ, ನಿಮ್ಮ ಕನ್ಸಲ್ಟಿಂಗ್ ಕ್ಲಬ್ಬಿನವರೇ ಅರೆದು ಕುಡಿಸುತ್ತಾರೆ. ಒಂದು ಮಾತು ಮಾತ್ರ: ಒಮ್ಮೆ ತಿರಸ್ಕೃತಳಾದರೆ ಎಷ್ಟೋ ಕಂಪನಿಗಳಲ್ಲಿ ಒಂದೆರಡು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ. ತಯಾರಿಲ್ಲದೆ, ಪರಿಚಯ ಆಯಿತಲ್ಲ ಎಂಬ ಹುಮ್ಮಸ್ಸಿನಲ್ಲಿ ನುಗ್ಗಬೇಡ.

• ನಿನ್ನ ಹೆಸರು. ನಗಬೇಡ, ಇದು ದೊಡ್ಡ ವಿಷಯ. ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಇನಿಷಿಯಲ್ ಮಾಡಿ ಮುಂದೆ ಒಂದು ಸಲ, ಹಿಂದೆ ಒಂದು ಸಲ ಹಾಕಿಕೊಳ್ಳುವವರು ನಾವು. ಲಿಂಕ್ಡ್‌ಇನ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವವರನ್ನು ಭೇಟಿ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಎಂದಾಗ ನಮ್ಮ ಕಡೆಯವರು ಎಷ್ಟು ಪರದಾಡಿದರು ಗೊತ್ತೆ? ಈಗಲೇ ಎಲ್ಲ ಕಡೆ ಒಂದೇ ರೂಪ ಮಾಡಿಸಿಕೋ.

• ಕನ್ನಡ ಸಂಘಗಳಿಗೆ ಹೋಗು. ಸಿಂಗಪುರದ ಸಂಘ 1996ರಿಂದ ಇದೆ, ಇಂಗ್ಲೆಂಡಿನ ಕನ್ನಡ ಬಳಗ 1983ರಿಂದ; ದುಬೈ, ಶಾರ್ಜಾಗಳಲ್ಲಿ ಕರಾವಳಿಯವರದ್ದೇ ಒಂದು ಲೋಕ. ಆದರೆ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ರೆಸ್ಯೂಮೆ ತೆಗೆಯಬೇಡ. ಚಾಪೆ ಮಡಚು, ಮಕ್ಕಳ ನಾಟಕಕ್ಕೆ ಪರದೆ ಎಳೆ. ಅಲ್ಲಿ ಕನ್ಸಲ್ಟೆಂಟ್‌ಗಳು ಸಿಗುವುದು ಅಪರೂಪ. ಬ್ಯಾಂಕಿನವರು, ಆಸ್ಪತ್ರೆಯವರು, ಬಂದರಿನವರು ಸಿಗುತ್ತಾರೆ. ಅವರೇ ನಾಳೆ ನಿನ್ನ ಕ್ಲೈಂಟುಗಳು. ಎರಡನೇ ವರ್ಷ ಎಕ್ಸ್‌ಚೇಂಜಿಗೆ ಯುರೋಪಿಗೆ ಹೋದರೆ, ಸ್ವಿಟ್ಜರ್ಲೆಂಡಿನ ಹಿಮದ ಫೋಟೋಗಳ ನಡುವೆ ನಾಲ್ಕು ಜನರನ್ನು ಮುಖತಃ ಕಂಡು ಬಾ.

• ಹಿಂದಿನ ಬಾಗಿಲೊಂದು ಇದೆ. ನಾನು ಹೋದದ್ದೂ ಅದರಲ್ಲೇ. ಮುಂಬೈಯಲ್ಲೋ ಬೆಂಗಳೂರಿನಲ್ಲೋ ಸೇರಿ, ಎರಡು ವರ್ಷ ಮೈಮುರಿದು ದುಡಿದು, ಹೊರಗಿನ ಆಫೀಸಿನ ಪ್ರಾಜೆಕ್ಟ್ ಒಂದರಲ್ಲಿ ಕೆಲಸ ಮಾಡಿ, ಅಲ್ಲಿಯವರೇ “ಇವಳನ್ನು ಕಳಿಸಿಕೊಡಿ” ಎನ್ನುವಂತೆ ಮಾಡಿಕೊಳ್ಳುವುದು. ಅಮೆರಿಕಕ್ಕೂ ಇದೇ ದಾರಿ ಸಲೀಸು: ಕಂಪನಿಯ ಒಳಗಿನ ವರ್ಗಾವಣೆಯ ಎಲ್-1 ವೀಸಾಕ್ಕೆ ಹೊರದೇಶದ ಆಫೀಸಿನಲ್ಲಿ ಒಂದು ವರ್ಷ ಸತತವಾಗಿ ದುಡಿದಿರಬೇಕು, ಲಾಟರಿ ಇಲ್ಲ. ಇದನ್ನು ಸೋಲು ಎಂದು ನಿನ್ನ ಸಹಪಾಠಿಗಳು ಹೇಳಿಯಾರು. ಎರಡು ವರ್ಷ ಕಳೆದ ಮೇಲೆ ಅವರನ್ನು ಕೇಳು.

• ಕೆಲಸ ಕೊಡಿಸುತ್ತೇನೆ ಎಂದು ದುಡ್ಡು ಕೇಳಿದವನ ನಂಬರ್ ಬ್ಲಾಕ್ ಮಾಡು. ವಿವರಣೆ ಬೇಡ.

• ಒಂದು ನೋಟ್‌ಬುಕ್ ಇಡು, ಎಕ್ಸೆಲ್ ಆದರೂ ಸರಿ: ಯಾರ ಜೊತೆ, ಯಾವತ್ತು, ಏನು ಹೇಳಿದರು, ಮಗುವಿಗೆ ಹುಷಾರಿಲ್ಲ ಎಂದಿದ್ದರೆ ಅದೂ. ಮಾತಾಡಿದ ದಿನವೇ ಎರಡು ಸಾಲಿನ ಧನ್ಯವಾದ. ಮುಖ್ಯವಾದದ್ದು ಆಮೇಲಿನದು: ಕೆಲಸ ಸಿಕ್ಕರೂ ಸಿಗದಿದ್ದರೂ ಫಲಿತಾಂಶ ಏನಾಯಿತೆಂದು ಸಹಾಯ ಮಾಡಿದ ಪ್ರತಿಯೊಬ್ಬರಿಗೂ ಬರೆ. ಸಿಕ್ಕವರು ಸಂಭ್ರಮದಲ್ಲಿ ಮರೆಯುತ್ತಾರೆ, ಸಿಗದವರು ನಾಚಿಕೆಯಲ್ಲಿ. ನನ್ನ ಹತ್ತಿರ ಇಷ್ಟು ವರ್ಷದಲ್ಲಿ ಮಾತಾಡಿದ ಮಕ್ಕಳಲ್ಲಿ “ಆಗಲಿಲ್ಲ ಸರ್” ಎಂದು ಬರೆದವರು ಮೂರೋ ನಾಲ್ಕೋ. ಅವರ ಹೆಸರು ಇವತ್ತಿಗೂ ನೆನಪಿದೆ. ಸಿಕ್ಕವರ ಹೆಸರು ಮರೆತಿದ್ದೇನೆ.

• ನಿಮ್ಮಪ್ಪನಿಗೆ ಸಮಾಧಾನ ಹೇಳು. ಶನಿವಾರ ಸಂಜೆ ನಾಲ್ಕಕ್ಕೆ ನನಗೆ ಫೋನ್ ಮಾಡು, ದೊಡ್ಡಪ್ಪನಿಗೆ ಅಲ್ಲ, ರಿಯಾದಿನಲ್ಲಿರುವ ಅಪರಿಚಿತ ಸೀನಿಯರ್‌ಗೆ. ನಿನ್ನ ಹೆಸರನ್ನು ತಪ್ಪಾಗಿ ಹೇಳುತ್ತೇನೆ, ನಡುವೆ ಇನ್ನೊಂದು ಕರೆ ಬಂತೆಂದು ಕಾಯಿಸುತ್ತೇನೆ, ಪಾವಗಡ ಎಲ್ಲಿದೆ ಎಂದೂ ಕೇಳುತ್ತೇನೆ. ಸ್ಪೀಕರ್ ಹಾಕಿಟ್ಟು ನಿಮ್ಮ ದೊಡ್ಡಮ್ಮ ಮಾರ್ಕ್ಸ್ ಕೊಡುತ್ತಾಳಂತೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಪಾಠ ಮಾಡಿದವಳು, ಕೊಡುವುದರಲ್ಲಿ ಬಲು ಬಿಗಿ.